ಹೌಜ್ ಖಾಸ್‌ನ ಗರಡಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ ‘ಹೊರನಾಡ ಕನ್ನಡಿಗ ಮತ್ತು ಸಮುದಾಯಪ್ರಜ್ಞೆ’ ಎಂಬುದು. ಇಂಥ ವಿಷಯದ ಮೇಲೆ ಮಾತಾಡುವವರು ವಾಡಿಕೆಯಂತೆ ಶಾಸನ, ವಲಸೆ, ಭಾಷಾನೀತಿಗಳಿಂದ ಆರಂಭಿಸುತ್ತಾರೆ. ಮಾನಸಗಂಗೋತ್ರಿಯಲ್ಲಿ ಇತಿಹಾಸದ ಎಂ.ಎ. ಮಾಡಿದ ನನಗೂ ಆ ಚಪಲವುಂಟು. ನಡುವೆ ಒಂದೆರಡು ಕಡೆ ಇಣುಕಿದರೆ ಸಹಿಸಿಕೊಳ್ಳಿ. ಆದರೆ ಇಂದು ನಾನು ಹೇಳಹೊರಟಿರುವುದು ಒಂದು ಜಿಮ್ಮಿನ ವಿಚಾರ. ಸಮುದಾಯವೆಂಬ ಮಾತಿನ ಅರ್ಥ ಕಳೆದ ಕೆಲವು ವರ್ಷಗಳಲ್ಲಿ ನನಗೆ ಎಲ್ಲಿಯಾದರೂ ಹೊಳೆದಿದ್ದರೆ ಅದು ಗ್ರಂಥಾಲಯದಲ್ಲಲ್ಲ, ಹೌಜ್ ಖಾಸ್‌ನ ಒಂದು ನೆಲಮಾಳಿಗೆಯಲ್ಲಿ.

ಹೌಜ್ ಖಾಸ್ ಎಂದರೆ ನಿಮ್ಮಲ್ಲಿ ಅನೇಕರಿಗೆ ಜಿಂಕೆವನ, ಕೆರೆಯ ದಂಡೆಯ ಉಪಾಹಾರಗೃಹಗಳು, ಸಂಜೆಯ ಗದ್ದಲ ನೆನಪಾದೀತು. ಆ ಕೆರೆಯನ್ನು ತೋಡಿಸಿದವನು ಅಲಾವುದ್ದೀನ್ ಖಿಲ್ಜಿ, ತನ್ನ ಸಿರಿ ಕೋಟೆಯ ಜನರ ನೀರಿಗಾಗಿ. ಹೂಳು ತೆಗೆಸಿ ಅದರ ದಂಡೆಯ ಮೇಲೆ ಮದರಸಾ ಕಟ್ಟಿಸಿದವನು ಹದಿನಾಲ್ಕನೆಯ ಶತಮಾನದ ಫಿರೋಜ್ ಷಾ ತುಘಲಕ್. ಅವನ ಸಮಾಧಿಯೂ ಅಲ್ಲಿಯೇ ಇದೆ. ಇದೇ ಅಲಾವುದ್ದೀನನ ದಂಡನಾಯಕ ಮಲಿಕ್ ಕಾಫೂರ್ 1311ರಲ್ಲಿ ನಮ್ಮ ದೋರಸಮುದ್ರವನ್ನು ಮುತ್ತಿದ. ಆ ಬಳಿಕ ಮೂರನೆಯ ಬಲ್ಲಾಳನ ಮಗ ದೆಹಲಿಗೆ ಬಂದು, 1313ರಲ್ಲಿ ತಾಯ್ನಾಡಿಗೆ ಮರಳಿದ. ಸಿರಿಯ ನೀರು ಕುಡಿದ ಮೊದಲ ಕನ್ನಡಿಗರಲ್ಲಿ ಅವನೊಬ್ಬನಿರಬಹುದೆಂದು ನಾನು ತಮಾಷೆಗೆ ಹೇಳುವುದುಂಟು. ಅವನನ್ನು ಕರೆತಂದದ್ದು ಸೋಲು, ನಮ್ಮನ್ನು ಕರೆತಂದದ್ದು ಕೇಂದ್ರ ಸರ್ಕಾರದ ವರ್ಗಾವಣೆಯ ಆದೇಶ.

ನಾನು ದೆಹಲಿಗೆ ಮೊದಲು ಬಂದದ್ದು 1994ರಲ್ಲಿ. ಮುನಿರ್ಕಾದ ಒಂದು ಮಾಳಿಗೆಯ ಕೋಣೆಯಲ್ಲಿ ವಾಸ. ಮನೆಯೊಡೆಯರಿಗೆ ನಾನು ‘ಮದ್ರಾಸಿ’. ಬೀದಿಯ ಹಾಲಿನವನಿಗೂ ಮದ್ರಾಸಿ. ಮದ್ರಾಸನ್ನು ನಾನು ರೈಲಿನ ಕಿಟಕಿಯಿಂದಷ್ಟೇ ನೋಡಿದ್ದೆ. ಆ ದಿನಗಳಲ್ಲಿ ನನ್ನನ್ನು ಹೆಸರು ಹಿಡಿದು ಕರೆದು, ಊಟಕ್ಕೆ ಕೂರಿಸಿ, ಉಗಾದಿಯ ಬೇವುಬೆಲ್ಲ ಕೊಟ್ಟದ್ದು ಕನ್ನಡಿಗರ ಕೂಟ. ಆದ್ದರಿಂದ ಮುಂದೆ ನಾನು ಆಡುವ ಕೆಲವು ಮಾತುಗಳು ಕಟುವೆನಿಸಿದರೆ ಅವು ಋಣವುಳ್ಳವನ ಮಾತೆಂದು ತಿಳಿಯಿರಿ.

ಎರಡನೆಯ ಬಾರಿ ಬಂದದ್ದು 2021ರಲ್ಲಿ. ಈ ಸಲ ಹುದ್ದೆ ದೊಡ್ಡದು, ಮನೆ ಖಾಲಿ. ಮಡದಿ ತನ್ನ ವೃದ್ಧ ತಾಯಿಯ ಆರೈಕೆಗೆಂದು ಮೈಸೂರಿನಲ್ಲಿಯೇ ಉಳಿದಳು. ಮಗಳು ಪುಣೆಯಲ್ಲಿ. ಕಚೇರಿಯಿಂದ ಬಂದ ಮೇಲೆ ಮಾತಾಡಲು ಗೋಡೆಯ ಹೊರತು ಯಾರೂ ಇಲ್ಲ. ಅದೇ ವರ್ಷದ ಕೊನೆಯಲ್ಲಿ ಸಿ.ಜಿ.ಎಚ್.ಎಸ್. ಔಷಧಾಲಯದ ವೈದ್ಯೆ ನನ್ನ ರಕ್ತಪರೀಕ್ಷೆಯ ಕಾಗದ ನೋಡಿ, “ಸಕ್ಕರೆ ಏರಿದೆ, ನಡಿಗೆಯೊಂದೇ ಸಾಲದು, ಭಾರ ಎತ್ತಿ” ಎಂದರು. ನಡುವಯಸ್ಸು ದಾಟಿದಂತೆ ಸ್ನಾಯು ಕರಗುತ್ತ ಹೋಗುತ್ತದೆ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಆ ಸ್ನಾಯುವೇ. ಕೆಲಸವಿಲ್ಲದ ಸ್ನಾಯು ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ ಎಂದು ಆಕೆ ವಿವರಿಸಿದ ರೀತಿ ಎಷ್ಟು ಚೆನ್ನಾಗಿತ್ತೆಂದರೆ, ಮನೆಗೆ ಬಂದು ಕನ್ನಡಿಯಲ್ಲಿ ನನ್ನ ತೋಳನ್ನು ಮೊದಲ ಸಲ ಗಮನವಿಟ್ಟು ನೋಡಿದೆ.

ಹೀಗೆ ನಾನು ಆ ನೆಲಮಾಳಿಗೆಯ ಮೆಟ್ಟಿಲಿಳಿದೆ. ದೊಡ್ಡ ಕಂಪನಿಯ ಜಿಮ್ ಅಲ್ಲ ಅದು; ಕೆಳಗೆ ರಬ್ಬರಿನ ಹಾಸು, ಮೇಲೆ ತುಕ್ಕು ಹಿಡಿದ ಎರಡು ಫ್ಯಾನು. ಉಸ್ತುವಾರಿ ನೋಡುವವರು ಹರಿಯಾಣದ ಝಜ್ಜರ್ ಕಡೆಯ ಮಾಜಿ ಕುಸ್ತಿಪಟು, ಮಣ್ಣಿನ ಅಖಾಡದಲ್ಲಿ ಉಜ್ಜಿಸಿಕೊಂಡು ಕಿವಿಗಳು ಹೂಕೋಸಿನಂತಾದವರು. ಎಲ್ಲರೂ ಅವರನ್ನು ಪೆಹಲ್ವಾನ್‌ಜೀ ಎನ್ನುತ್ತಾರೆ. ಮೊದಲ ದಿನ ನಾನು ಕಚೇರಿಯ ರೂಢಿಯಂತೆ ನನ್ನ ಹುದ್ದೆ, ಇಲಾಖೆ ಹೇಳಿ ಪರಿಚಯಿಸಿಕೊಂಡೆ. ಅವರು ಪೂರ್ತಿ ಕೇಳಿ, “ಅಂಕಲ್‌ಜೀ, ಪೆಹಲೇ ಜೂತೇ ಬದಲೋ” ಎಂದರು. ಬಾಗಿಲ ಬಳಿ ಹೊರಗಿನ ಚಪ್ಪಲಿ ಬಿಡುವ ಜಾಗವಿದೆ. ನನ್ನ ಹುದ್ದೆಯೂ ಅಲ್ಲಿಯೇ ಉಳಿಯಿತು.

ಕಬ್ಬಿಣದ ಆ ಉದ್ದ ಸಲಾಕೆಯ ತೂಕವೇ ಇಪ್ಪತ್ತು ಕಿಲೋ. ಎರಡು ವಾರ ಬರಿಯ ಸಲಾಕೆಯನ್ನೇ ಎತ್ತಿದೆ. ಪಕ್ಕದಲ್ಲಿ ಹದಿನೆಂಟರ ಹುಡುಗರು ನೂರು ಕಿಲೋ ಎತ್ತುತ್ತಿದ್ದರು. ಯಾರೂ ನಗಲಿಲ್ಲ. ಇದು ನನ್ನನ್ನು ಬಹಳ ದಿನ ಕಾಡಿತು. ಭಾರ ಎತ್ತುವವರು ತಾವೂ ಎಂದೋ ಬರಿಯ ಸಲಾಕೆಯಿಂದಲೇ ಶುರುಮಾಡಿದವರು. ಅಲ್ಲಿ ಇನ್ನೊಬ್ಬನ ಕೈ ನಡುಗುವುದು ಅಣಕಕ್ಕೆ ವಸ್ತುವಲ್ಲ. ನಮ್ಮ ಕಚೇರಿಯಲ್ಲಿ ಹೊಸಬನ ಟಿಪ್ಪಣಿಯಲ್ಲಿ ಒಂದು ತಪ್ಪು ಸಿಕ್ಕರೆ ಅದು ಮೂರು ಮಹಡಿ ಓಡಾಡಿ ಬರುತ್ತದೆ.

ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯ ಮೇಲೆ ಭಾರ ಇಳಿಸಿಕೊಂಡು ಎತ್ತುವ ವ್ಯಾಯಾಮ ಒಂದಿದೆ. ಕೈ ಸೋತರೆ ಸಲಾಕೆ ಕತ್ತಿನ ಮೇಲೆ ಬೀಳುತ್ತದೆ. ಅದಕ್ಕಾಗಿ ತಲೆಯ ಹಿಂದೆ ಒಬ್ಬರು ನಿಂತಿರಬೇಕು. ನಿಂತವರು ಸಲಾಕೆಯನ್ನು ಮುಟ್ಟಬಾರದು. ಕೈ ಕೆಳಗೆ ಹಿಡಿದು ಕಾಯಬೇಕು. ಬೇಗ ಮುಟ್ಟಿದರೆ ಎತ್ತುವವನ ಪ್ರಯತ್ನ ಕೆಡುತ್ತದೆ, ತಡವಾದರೆ ಪ್ರಾಣಕ್ಕೆ ಬರುತ್ತದೆ. ನನ್ನ ಹಿಂದೆ ಹೀಗೆ ನಿಂತವರು ಯಾರ್ಯಾರು? ಯೂಸುಫ್ ಸರಾಯಿಯಲ್ಲಿ ಔಷಧಿ ಅಂಗಡಿಯ ಒಬ್ಬ ಮುಸಲ್ಮಾನ ಯುವಕ, ಶಾಹ್‌ಪುರ್ ಜಾಟ್‌ನ ದರ್ಜಿ, ಕಾಲೂ ಸರಾಯಿಯ ತರಬೇತಿ ಕೇಂದ್ರಗಳಿಗೆ ಬಂದ ಬಿಹಾರದ ಹುಡುಗರು, ಮಲಯಾಳಿ ದಾದಿ, ಮಣಿಪುರದ ಒಬ್ಬ ಹೆಣ್ಣುಮಗಳು. ಹೆಸರು ತಿಳಿಯುವ ಮೊದಲೇ ಇವರ ಕೈಗೆ ಕತ್ತು ಕೊಟ್ಟಿದ್ದೆ. ಮೂವತ್ತು ವರ್ಷ ಕೆಲಸ ಮಾಡಿದ ಕಚೇರಿಗಳಲ್ಲಿ ಇಷ್ಟು ನಂಬಿಕೆಯಿಂದ ಬೆನ್ನು ಕೊಟ್ಟು ಮಲಗಬಹುದಾದವರು ಎಷ್ಟು ಮಂದಿ ಸಿಕ್ಕರೆಂದು ಲೆಕ್ಕ ಹಾಕಿದೆ. ಆ ಲೆಕ್ಕವನ್ನು ಇಲ್ಲಿ ಹೇಳುವುದಿಲ್ಲ.

ಕೆಲವು ತಿಂಗಳಲ್ಲಿ ನನ್ನ ಹೆಸರು ಬದಲಾಯಿತು. ‘ಅಂಕಲ್‌ಜೀ’ ಹೋಗಿ ‘ಅಣ್ಣಾ’ ಬಂತು. ನಮ್ಮ ಸಿನಿಮಾಗಳ ಹಿಂದಿ ಅವತರಣಿಕೆಗಳಿಂದ ಆ ಪದ ಉತ್ತರದ ಹುಡುಗರ ಬಾಯಿಗೆ ಬಂದಿದೆ. 2022ರಲ್ಲಿ ಕೆ.ಜಿ.ಎಫ್. ಎರಡನೆಯ ಭಾಗ ಬಂದಾಗ ಅವರೆಲ್ಲ ನನ್ನನ್ನು ಸುತ್ತುವರಿದು, ಆ ಊರು ನಿಜಕ್ಕೂ ಇದೆಯೇ ಎಂದು ಕೇಳಿದರು. ಇದೆ, ಅಲ್ಲಿ ಆಳದ ಗಣಿಗಳಲ್ಲಿ ತಲೆಮಾರುಗಳ ಕಾಲ ದುಡಿದವರಲ್ಲಿ ಹೆಚ್ಚಿನವರು ತಮಿಳು ನಾಡಿನಿಂದ ಬಂದ ಬಡ ದಲಿತ ಕೂಲಿಗಳು, 2001ರಲ್ಲಿ ಗಣಿ ಮುಚ್ಚಿತು, ಈಗಲೂ ಸೈನೈಡ್ ಗುಡ್ಡಗಳ ಧೂಳಿನಲ್ಲಿ ಜನ ಬದುಕಿದ್ದಾರೆ, ನಿತ್ಯ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ ಎಂದು ನಾನು ಹೇಳಿದೆ. ಪೆಹಲ್ವಾನ್‌ಜೀ ಆ ದಿನ ಹಾಡು ನಿಲ್ಲಿಸಿ ಕೇಳಿದರು. ಆ ಪಂಜಾಬಿ ಹಾಡುಗಳ ಅಬ್ಬರವನ್ನು ನಾನಿನ್ನೂ ಕ್ಷಮಿಸಿಲ್ಲವಾದ್ದರಿಂದ ಅದು ನನಗೆ ಎರಡು ಬಗೆಯ ಸಂತೋಷ.

ನಾಲ್ಕು ತಿಂಗಳು ನನ್ನ ಪಕ್ಕದಲ್ಲಿಯೇ ವ್ಯಾಯಾಮ ಮಾಡುತ್ತಿದ್ದ ಐ.ಐ.ಟಿ.ಯ ಒಬ್ಬ ಸಂಶೋಧನಾ ವಿದ್ಯಾರ್ಥಿ, ಒಮ್ಮೆ ಬೆರಳು ಜಜ್ಜಿಕೊಂಡು “ಅಯ್ಯವ್ವ!” ಎಂದ. ಹುಡುಗ ರಾಯಚೂರು ಜಿಲ್ಲೆಯವನು. ನನಗೆ ಆನಂದವೋ ಆನಂದ. ತಕ್ಷಣ ಸಂಘಕ್ಕೆ ಕರೆದೆ. ಅವನು ನಯವಾಗಿ ತಲೆಯಾಡಿಸಿ ಸುಮ್ಮನಾದ. ಮತ್ತೆ ಕರೆದೆ. ಮೂರನೆಯ ಸಲ ಹೇಳಿದ: ಹಿಂದೆ ಬೇರೊಂದು ನಗರದಲ್ಲಿ ಓದುತ್ತಿದ್ದಾಗ ಅಲ್ಲಿನ ಕನ್ನಡಿಗರ ಕೂಟವೊಂದಕ್ಕೆ ಹೋಗಿದ್ದನಂತೆ. ಊಟದ ಸಾಲಿನಲ್ಲಿ ಒಬ್ಬ ಹಿರಿಯರು ಯಾವ ಊರು ಎಂದರು, ಹೇಳಿದ. ತಂದೆ ಏನು ಮಾಡುತ್ತಾರೆ ಎಂದರು, ಹೇಳಿದ. “ಅದು ಸರಿ, ಯಾರ ಪೈಕಿ?” ಎಂದರು. ಅವನು ತಟ್ಟೆಯಿಟ್ಟು ಹೊರಟುಬಂದ.

“ಇಲ್ಲಿ ಎಷ್ಟು ಎತ್ತತೀ ಅಂತ ಕೇಳ್ತಾರ್ರೀ ಸರ, ಯಾರ ಪೈಕಿ ಅಂತ ಕೇಳಂಗಿಲ್ಲ,” ಎಂದ.

ಬಂಧುಗಳೇ, ಈ ಪ್ರಶ್ನೆಯನ್ನು ಕೇಳುವವರು ದುಷ್ಟರಲ್ಲ. ಪರದೇಶದಲ್ಲಿ ತಮ್ಮವರೆಂಬ ಒಂದು ಎಳೆಗಾಗಿ ತಡಕಾಡುವ ಮುದಿ ಕೈಗಳು ಅವು. ಆದರೆ ಕೇಳಿಸಿಕೊಳ್ಳುವವನಿಗೆ ಅದು ಬಾಗಿಲು ಹಾಕಿದ ಸದ್ದು. ನಮ್ಮ ಸಭೆಗಳಿಗೆ ಯುವಜನ ಬರುವುದಿಲ್ಲವೆಂದು ಹೊರನಾಡಿನ ಸಂಘಗಳು ಪ್ರತಿ ವಾರ್ಷಿಕ ವರದಿಯಲ್ಲಿಯೂ ಹಲುಬುತ್ತವೆ, ಟಿ.ವಿ.ಯನ್ನು, ಮೊಬೈಲನ್ನು, ಇಂಗ್ಲಿಷನ್ನು ದೂರುತ್ತವೆ. ಊಟದ ಸಾಲಿನ ಈ ಪ್ರಶ್ನೆ ಮಾತ್ರ ಯಾವ ವರದಿಯಲ್ಲೂ ಬರುವುದಿಲ್ಲ.

ಜಿಮ್ ಎಂಬುದು ಪಶ್ಚಿಮದ ವಸ್ತು, ಇದಕ್ಕೂ ನಮ್ಮ ಸಂಸ್ಕೃತಿಗೂ ಏನು ಸಂಬಂಧ ಎಂದು ಕೇಳುವವರಿದ್ದೀರಿ. ಮೈಸೂರಿನವರಿಗೆ ಗರಡಿಮನೆಯನ್ನು ನೆನಪಿಸಬೇಕಾಗಿಲ್ಲ. ನಮ್ಮ ಬೀದಿಯ ಕೊನೆಯಲ್ಲಿದ್ದ ಗರಡಿಯ ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಹೋಗಬೇಕಿತ್ತು. ಒಳಗೆ ಆಂಜನೇಯನ ಪಟ, ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಆನಿಸಿದ ಗದೆಗಳು. ಆ ಲೋಕದ ಮಾತುಗಳನ್ನೇ ನೋಡಿ: ಉಸ್ತಾದ್, ಪೈಲ್ವಾನ್, ಕುಸ್ತಿ ಎಂಬವು ಪಾರಸಿಯಿಂದ ಬಂದವು, ಗರಡಿ, ಸಾಮು ನಮ್ಮವು. ಹನುಮಂತನ ಪಟದ ಕೆಳಗೆ ಉಸ್ತಾದನ ಕಾಲಿಗೆರಗುವುದರಲ್ಲಿ ಯಾರಿಗೂ ವಿರೋಧ ಕಾಣಿಸಿರಲಿಲ್ಲ. ಉತ್ತರ ಕರ್ನಾಟಕದವರಿಗೆ ತಾಲೀಮುಖಾನೆ, ಜಾತ್ರೆಯ ಸಂಗ್ರಾಣಿ ಕಲ್ಲು ಗೊತ್ತು. ಕರಾವಳಿಯಲ್ಲಂತೂ ಗರಡಿಯೆಂದರೆ ಕೋಟಿ ಚೆನ್ನಯರ ಆರಾಧನೆಯ ಸ್ಥಾನವೇ ಆಯಿತು.

ಇನ್ನು ಕೆ.ವಿ. ಅಯ್ಯರ್ ಅವರು. ‘ಶಾಂತಲಾ’, ‘ರೂಪದರ್ಶಿ’ಗಳನ್ನು ಓದದ ಕನ್ನಡಿಗರು ನಮ್ಮ ತಲೆಮಾರಿನಲ್ಲಿ ವಿರಳ. ಆದರೆ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ, 1930ರಲ್ಲಿಯೇ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದ, ಅಂಚೆಯ ಮೂಲಕ ದೂರದೂರದವರಿಗೆ ಅಂಗಸಾಧನೆ ಕಲಿಸಿದ ವ್ಯಕ್ತಿಯೇ ಆ ಕಾದಂಬರಿಗಳನ್ನೂ ಬರೆದದ್ದು ಎಂಬುದನ್ನು ಹೊಸಬರಿಗೆ ಹೇಳಿದರೆ ನಂಬುವುದಿಲ್ಲ. ಬಾರ್‌ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದವರು ಅವರು. ಕೈಲಾಸಂ ಅವರ ಆಪ್ತರು. ಹವ್ಯಾಸಿ ನಾಟಕದ ‘ರವಿ ಕಲಾವಿದರು’ ತಂಡ ಬೆಳೆದದ್ದೂ ಅಯ್ಯರ್ ಅವರ ಆಸರೆಯಲ್ಲಿಯೇ. ಕಬ್ಬಿಣ ಎತ್ತಲು ಬಂದವನು ನಾಟಕ ಕೇಳಿಸಿಕೊಂಡ, ನಾಟಕಕ್ಕೆ ಬಂದವನು ಬೆನ್ನು ನೆಟ್ಟಗೆ ಮಾಡಿಕೊಂಡ. 1980ರಲ್ಲಿ ಅಯ್ಯರ್ ತೀರಿಕೊಂಡರು. ಸಾಹಿತ್ಯಚರಿತ್ರೆ ಬರೆದವರು ಅವರ ಕಾದಂಬರಿಗಳಿಗೆ ಕೊಟ್ಟ ಗೌರವವನ್ನು ಆ ವ್ಯಾಯಾಮಶಾಲೆಗೆ ಕೊಡಲಿಲ್ಲವೆಂಬುದು ನನ್ನ ದೂರು. ದೇಹವನ್ನು ಸಾಹಿತ್ಯದ ಅಂಗಳದಿಂದ ಹೊರಗಿಡುವುದು ನಮ್ಮ ಓದಿದವರ ಹಳೆಯ ಚಾಳಿ.

ನಾನು ಗರಡಿಯನ್ನು ಸ್ವರ್ಗವೆಂದು ಬಣ್ಣಿಸುತ್ತಿಲ್ಲ. ಕೇರಿಗೊಂದು ಗರಡಿ ಇದ್ದಲ್ಲಿ ಕೇರಿಯ ಗೋಡೆಗಳೂ ಇದ್ದವು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. 2023ರಲ್ಲಿ ನಮ್ಮ ದೇಶದ ಹೆಸರಾಂತ ಕುಸ್ತಿಪಟು ಹೆಣ್ಣುಮಕ್ಕಳು ಜಂತರ್ ಮಂತರ್‌ನಲ್ಲಿ ವಾರಗಟ್ಟಲೆ ಕುಳಿತದ್ದನ್ನು ಈ ನಗರ ಕಂಡಿತು. ಸರ್ಕಾರಿ ನೌಕರನ ನಡತೆ ನಿಯಮಗಳು ನನ್ನನ್ನು ಇದಕ್ಕಿಂತ ಮುಂದೆ ಹೋಗಲು ಬಿಡುವುದಿಲ್ಲ, ನೀವೇ ಮುಂದುವರಿಸಿಕೊಳ್ಳಿ. ಇಂದಿನ ಜಿಮ್ಮುಗಳಲ್ಲಿಯೂ ಶುಲ್ಕವೆಂಬ ಬಾಗಿಲು ಇದೆ. ಎಳೆಯ ಹುಡುಗರಿಗೆ ಪುಡಿ ಡಬ್ಬಗಳನ್ನೂ, ಅದಕ್ಕಿಂತ ಕೆಟ್ಟದ್ದಾದ ಸೂಜಿಮದ್ದನ್ನೂ ಮಾರುವ ದಂಧೆ ಇದೆ. ಪೆಹಲ್ವಾನ್‌ಜೀ ಅಂಥ ಒಬ್ಬನನ್ನು ಕುತ್ತಿಗೆ ಹಿಡಿದು ಮೆಟ್ಟಿಲು ಹತ್ತಿಸಿದ್ದನ್ನು ನೋಡಿದ್ದೇನೆ, ಆದರೆ ಎಲ್ಲ ಕಡೆ ಪೆಹಲ್ವಾನ್‌ಜೀ ಇರುವುದಿಲ್ಲ.

ಮಣಿಪುರದ ಆ ಹೆಣ್ಣುಮಗಳ ವಿಷಯ ಹೇಳಬೇಕು. ಅವಳು ಗ್ರೀನ್ ಪಾರ್ಕಿನ ಒಂದು ಸೌಂದರ್ಯ ಮಳಿಗೆಯಲ್ಲಿ ಕೆಲಸಕ್ಕಿದ್ದಳು. ನಾನು 1994ರಲ್ಲಿ ‘ಮದ್ರಾಸಿ’ ಆಗಿದ್ದ ಬೀದಿಗಳಲ್ಲಿ ಅವಳಿಗೆ ಅದಕ್ಕಿಂತ ಹೀನವಾದ ಹೆಸರುಗಳಿದ್ದವು. 2014ರ ಜನವರಿಯಲ್ಲಿ ಲಾಜ್‌ಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹೊಡೆತ ತಿಂದು ಸತ್ತದ್ದು ನಿಮಗೆ ನೆನಪಿರಬಹುದು. ಹೆಸರಿಡುವುದರಿಂದ ಹೊಡೆಯುವವರೆಗಿನ ದಾರಿ ಬಹಳ ಉದ್ದವಲ್ಲ. 2023ರ ಮೇ ತಿಂಗಳಲ್ಲಿ ಅವಳ ರಾಜ್ಯ ಹೊತ್ತಿ ಉರಿದಾಗ ಹನ್ನೊಂದು ದಿನ ಅವಳು ಬರಲಿಲ್ಲ. ಬಂದ ದಿನ ಯಾರೂ ಏನನ್ನೂ ಕೇಳಲಿಲ್ಲ, ಅವಳು ಯಾವ ಕಡೆಯವಳೆಂದು ಕೂಡ. ಪೆಹಲ್ವಾನ್‌ಜೀ ಮೂಲೆಯ ಜಾಗ ತೆರವು ಮಾಡಿಸಿದರು. ದಾದಿ ಹೋಗಿ ಹಿಂದೆ ನಿಂತಳು. ಮೂರು ದಶಕ ಸರ್ಕಾರದಲ್ಲಿ ‘ಪರಿಸ್ಥಿತಿ ನಿಯಂತ್ರಣದಲ್ಲಿದೆ’ ಎಂಬ ವಾಕ್ಯವನ್ನು ನಾನಾ ಬಗೆಯಲ್ಲಿ ಬರೆದಿದ್ದ ನನಗೆ, ಮಾತಿಲ್ಲದೆ ನಿಲ್ಲುವುದೂ ಒಂದು ಕೆಲಸವೆಂದು ಅಲ್ಲಿ ತಿಳಿಯಿತು.

ಕೆಲವು ತಿಂಗಳ ಬಳಿಕ ಒಂದು ಸಂಜೆ ನೀರು ಕುಡಿಯುತ್ತ ಅವಳು, “ಅಣ್ಣಾ, ನೀವು ಬೆಂಗಳೂರಿನ ಕಡೆಯವರಲ್ಲವೇ?” ಎಂದಳು. ಹೌದು, ಮೈಸೂರು ಎಂದೆ. 2012ರ ಆಗಸ್ಟಿನಲ್ಲಿ ಅವಳ ಅಣ್ಣ ಬೆಂಗಳೂರಿನಲ್ಲಿ ಕಾವಲು ಕೆಲಸದಲ್ಲಿದ್ದನಂತೆ. ವದಂತಿಗಳು ಹಬ್ಬಿ, ಈಶಾನ್ಯದ ಸಾವಿರಾರು ಮಂದಿ ಹೆದರಿ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರಲ್ಲ, ಅವರಲ್ಲಿ ಅವನೂ ಒಬ್ಬ. ಮತ್ತೆ ಹೋಗಲಿಲ್ಲ. “ಅಲ್ಲಿನವರು ಒಳ್ಳೆಯವರೇ ಅಂತಾನೆ. ಆದರೆ ಹೋಗಬೇಡ ಅಂತ ಹೇಳೋಕೆ ಯಾರೂ ಬರಲಿಲ್ಲವಂತೆ,” ಎಂದಳು. ಅವಳಲ್ಲಿ ಆಕ್ಷೇಪಣೆಯ ಧ್ವನಿಯಿರಲಿಲ್ಲ. ಅಂದು ನಿಲ್ದಾಣಕ್ಕೆ ಹೋಗಿ ಧೈರ್ಯ ಹೇಳಿದ ಕನ್ನಡಿಗರೂ ಅಧಿಕಾರಿಗಳೂ ಇದ್ದರು, ನನಗೆ ಗೊತ್ತು. ಅವಳ ಅಣ್ಣನ ಬಾಗಿಲಿಗೆ ಅವರು ತಲುಪಲಿಲ್ಲ, ಅಷ್ಟೆ. ಹೊರನಾಡಿನಲ್ಲಿ ನಮಗೆ ಜಾಗ ಕೊಡಿ ಎಂದು ಕೇಳುವ ನಾವು, ನಮ್ಮ ಊರಿನಲ್ಲಿ ಇನ್ನೊಬ್ಬರಿಗೆ ಹೊರನಾಡು.

ನನ್ನ ಮಟ್ಟಿಗೆ ಆದ ಲಾಭವನ್ನೂ ಹೇಳಿಬಿಡುತ್ತೇನೆ. ಈಗ ತೊಂಬತ್ತು ಕಿಲೋ ಭಾರವನ್ನು ನೆಲದಿಂದ ಎತ್ತುತ್ತೇನೆ. ಸಕ್ಕರೆ ಹದಕ್ಕೆ ಬಂದಿದೆ. ವೈದ್ಯೆ ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ. ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಕಾರು, ಫಲಕ, ಗುಮಾಸ್ತರ ನಮಸ್ಕಾರ ಇವು ಹೋದ ಮರುದಿನ ನಾನು ಯಾರು ಎಂಬ ಭಯ ನನ್ನ ವಯಸ್ಸಿನ ಅಧಿಕಾರಿಗಳಲ್ಲಿ ಎಷ್ಟು ಆಳವಾಗಿದೆಯೆಂದು ಈ ಸಭೆಯಲ್ಲಿರುವ ಕೆಲವರು ಬಲ್ಲಿರಿ. ಇವೊಂದೂ ಇಲ್ಲದೆ ‘ಅಣ್ಣಾ’ ಆಗಿ ನಾಲ್ಕು ವರ್ಷ ಕಳೆದವನಿಗೆ ಆ ಭಯ ಅಷ್ಟಾಗಿ ಇಲ್ಲ.

ಈಗ ಕೆಲಸದ ಮಾತು. ಕಾರ್ಯಕಾರಿ ಸಮಿತಿಗೆ ಕಳೆದ ವಾರ ಒಂದು ಪತ್ರ ಕೊಟ್ಟಿದ್ದೇನೆ. ಸಭಾಂಗಣದ ಹಿಂದೆ ಹಳೆಯ ಕುರ್ಚಿ, ರಾಜ್ಯೋತ್ಸವದ ತೋರಣಗಳನ್ನು ತುಂಬಿಟ್ಟ ಕೋಣೆಯಿದೆ. ಅದನ್ನು ತೆರವು ಮಾಡಿದರೆ ಎರಡು ಬೆಂಚು, ಒಂದು ಸಲಾಕೆ, ಮುನ್ನೂರು ಕಿಲೋದಷ್ಟು ತಟ್ಟೆಗಳು, ನಾಲ್ಕು ಗದೆ, ರಬ್ಬರಿನ ಹಾಸು ಹಿಡಿಯುತ್ತವೆ. ಪೆಹಲ್ವಾನ್‌ಜೀ ವಾರಕ್ಕೆರಡು ದಿನ ಬಂದು ಕಲಿಸಲು ಒಪ್ಪಿದ್ದಾರೆ, ಬಸ್ಸಿನ ಖರ್ಚು ಕೊಟ್ಟರೆ ಸಾಕಂತೆ. ಸಾಮಾನಿನ ಅರ್ಧ ವೆಚ್ಚವನ್ನು ನಾನು ಕೊಡುತ್ತೇನೆ. ರಾಯಚೂರಿನ ಹುಡುಗ ಬರುತ್ತೇನೆಂದಿದ್ದಾನೆ. ವ್ಯಾಯಾಮವಾದ ಮೇಲೆ ಕನ್ನಡ ಬಾರದ ನಮ್ಮ ಮಕ್ಕಳಿಗೆ ಅಕ್ಷರ ಕಲಿಸುವುದಾಗಿಯೂ ಹೇಳಿದ್ದಾನೆ, ಅದು ಅವನಾಗಿಯೇ ಹೇಳಿದ್ದು.

ಸಮಿತಿಯ ಸದಸ್ಯರೊಬ್ಬರು, ಸಂಘದ ಸದಸ್ಯತ್ವ ಇಲ್ಲದವರಿಗೆ, ಕನ್ನಡಿಗರಲ್ಲದವರಿಗೆ ಪ್ರವೇಶವಿರಬೇಕೇ ಎಂದು ನನ್ನನ್ನು ಪ್ರಶ್ನಿಸಿದ್ದಾರೆ. ಇರಬೇಕು ಎಂಬುದು ನನ್ನ ಉತ್ತರ. ಅದಿಲ್ಲದಿದ್ದರೆ ನನ್ನ ಹಣವನ್ನೂ ಪತ್ರವನ್ನೂ ಹಿಂದಕ್ಕೆ ಪಡೆಯುತ್ತೇನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೇನೆ. ಇದನ್ನು ಬೆದರಿಕೆಯೆಂದು ತಿಳಿದವರಿಗೆ ನಾನು ಅಡ್ಡಿ ಹೇಳುವುದಿಲ್ಲ. ದಾಖಲೆಯ ಪುಸ್ತಕದಲ್ಲಿ ಹೆಸರು, ವಯಸ್ಸು, ದೂರವಾಣಿ ಸಂಖ್ಯೆ, ರಕ್ತದ ಗುಂಪು ಈ ನಾಲ್ಕೇ ಅಂಕಣಗಳಿರುತ್ತವೆ. ಬೀಗದ ಕೈ ಬೆಳಿಗ್ಗೆ ಐದೂವರೆಗೆ ಯಾರ ಬಳಿ ಇರಬೇಕು ಎಂಬುದೊಂದು ಮಾತ್ರ ಇತ್ಯರ್ಥವಾಗಬೇಕಿದೆ. ಮುಂದಿನ ಭಾನುವಾರದ ಸಭೆಗೆ ದಯವಿಟ್ಟು ಎಲ್ಲರೂ ಬನ್ನಿ.